ಎರಡು ಗುರುತಿನ ಫರಸಿ

ಅಧ್ಯಕ್ಷತೆ ವಹಿಸಿರುವ ಮುಖ್ಯ ಗುರುಗಳೇ, ಶಹಾಬಾದಿನಿಂದ ಬಂದಿರುವ ಡಾಕ್ಟರ್ ಸಾಹೇಬರೇ, ಕಲ್ಲು ಕೆಲಸಗಾರರ ಸಂಘದ ಹಿರಿಯರೇ, ಸನ್ಮಾನ ಸ್ವೀಕರಿಸಲು ಕಲಬುರಗಿಯಿಂದ ಹುಟ್ಟೂರಿಗೆ ಬಂದಿರುವ ನಮ್ಮೂರ ಮಗಳು ನಾಹಿದ ಅವರೇ, ಅಡುಗೆಯ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ನಾನು ಇಂದು ಹೇಳುವ ಕಥೆ ನನ್ನದಲ್ಲ. ಇದನ್ನು ಮೊದಲು ಹೇಳಿದವರು ಫಕೀರಸಾಬನ ಹೆಂಡತಿ ಸೈದಾನಬಿ. ಹೇಳಿದ್ದು ಹೋದ ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ, ನಮ್ಮ ಭಂಕೂರಿನ ಹಿಟ್ಟಿನ ಗಿರಣಿಯಲ್ಲಿ. ಕರೆಂಟು ಹೋಗಿತ್ತು. ಜೋಳದ ಡಬ್ಬಿ ಮುಂದಿಟ್ಟುಕೊಂಡು ಹನ್ನೊಂದು ಮಂದಿ ಹೆಂಗಸರು ಕುಳಿತಿದ್ದರು. ಕಥೆ ಅರ್ಧಕ್ಕೆ ಬಂದಾಗ ಕರೆಂಟು ಬಂತಂತೆ. ಗಿರಣಿಯವನಿಗೆ ಅವರೆಲ್ಲ ಸೇರಿ, ‘ಬಟನ್ ಒತ್ತಿದಿ ಅಂದ್ರ ನೋಡು’ ಎಂದು ಗದರಿಸಿ ಕೂರಿಸಿದರಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ಅಲ್ಲಿರಲಿಲ್ಲ. ಕಥೆಯಲ್ಲಿ ಕಳ್ಳನಾದವನು ಕಥೆ ಹೇಳುವ ಕಡೆ ಇರುತ್ತಾನೆಯೇ?

ನನ್ನನ್ನು ಭಾಷಣಕ್ಕೆ ಕರೆದಾಗಲೇ ನನಗೆ ಸಂಶಯ ಬಂದಿತ್ತು. ಈ ಭೀಮಶಾ ಊರಿನ ಕಟ್ಟೆಯ ಮೇಲೆ ಕಥೆ ಹೇಳುವವನು, ವೇದಿಕೆಯ ಮೇಲೆ ಅವನಿಗೇನು ಕೆಲಸ? ಸಂಶಯಪಡುವುದು ನನ್ನ ಹುಟ್ಟುಗುಣ. ಚಿತ್ತಾಪುರದ ಸಂತೆಯಲ್ಲಿ ಬದನೆಕಾಯಿ ಕೊಂಡರೂ ಒಂದನ್ನು ಅಲ್ಲೇ ಮುರಿದು ನೋಡುವವನು ನಾನು. ನನ್ನ ಹೆಂಡತಿ ಶಿವಗಂಗಾ ಹೇಳುತ್ತಾಳೆ, ‘ನಿಮ್ಮನ್ನ ಸುಟ್ಟರೂ ಕಟ್ಟಿಗಿ ಹಸಿ ಅದ ಅಂತ ಎದ್ದು ಕುಂದರ್ತೀರಿ’ ಎಂದು. ನಾವು ಲಿಂಗಾಯತರು, ಸುಡುವುದಿಲ್ಲ, ಹೂಳುತ್ತೇವೆ. ಆದರೂ ಅವಳು ಹಾಗೆಯೇ ಹೇಳುತ್ತಾಳೆ.

ಫಕೀರಸಾಬ ಮತ್ತು ನಾನು ಒಂದೇ ಖಣಿಯಲ್ಲಿ ಮೂವತ್ತೊಂದು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದವರು. ಅವನು ಸುತ್ತಿಗೆ ಹೊಡೆದರೆ ನಾನು ಉಳಿ ಹಿಡಿಯುತ್ತಿದ್ದೆ. ಸೇರಿದ ಹೊಸತರಲ್ಲಿಯೇ ಒಮ್ಮೆ ಉಳಿಯ ತಲೆ ಸಿಡಿದು ಜೋಳದ ಕಾಳಿನಷ್ಟು ಉಕ್ಕಿನ ಚೂರು ನನ್ನ ಬಲ ಹೆಗಲಿನ ಕೆಳಗೆ ಹೊಕ್ಕಿತು. ತೆಗೆದರೆ ತೊಂದರೆ, ಇದ್ದರೆ ಇರಲಿ ಎಂದರು ಡಾಕ್ಟರರು. ಈಗಲೂ ಇದೆ. ಚಳಿಗಾಲದಲ್ಲಿ ಅದು ನನ್ನನ್ನು ಎಬ್ಬಿಸುತ್ತದೆ, ನಾನು ಫಕೀರಸಾಬನನ್ನು ಬೈಯುತ್ತೇನೆ. ಅವನು ಅಗೋ, ಕೊನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾನೆ. ಬೀಡಿ ಬಿಟ್ಟಿದ್ದೇನೆ ಎನ್ನುತ್ತಾನೆ. ಅದರಲ್ಲಿಯೂ ನನಗೆ ಸಂಶಯವಿದೆ.

ಮೂರೂವರೆ ವರ್ಷದ ಹಿಂದೆ ಅವನು ಕಣ್ಣಿನ ಪೊರೆ ತೆಗೆಸಲು ಸೇಡಂನ ಶಿಬಿರಕ್ಕೆ ಹೋದ. ಆಪರೇಷನ್ನಿಗೆ ಮೊದಲು ರಕ್ತ ನೋಡಿದರು. ನೋಡಿ, ‘ಬಿಳಿ ಕಣ ಭಾಳ ಅವ, ಕಲಬುರಗಿಗೆ ತೋರಸ್ರಿ’ ಎಂದು ಚೀಟಿ ಬರೆದರು. ನೋವಿಲ್ಲ, ಜ್ವರವಿಲ್ಲ, ಊಟದಲ್ಲಿ ಒಂದು ರೊಟ್ಟಿಯೂ ಕಡಿಮೆಯಾಗಿಲ್ಲ. ಕಣ್ಣಿಗೆ ಹೋದವನನ್ನು ರಕ್ತಕ್ಕೆ ಕಳಿಸಿದರೆ ಯಾರಿಗೆ ಸಂಶಯ ಬರುವುದಿಲ್ಲ, ನೀವೇ ಹೇಳಿ?

ನಾನೂ ಜೊತೆಗೆ ಹೋದೆ. ಕಲಬುರಗಿಯ ಆ ದೊಡ್ಡ ದವಾಖಾನೆಯ ಪ್ರಯೋಗಾಲಯದಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದವಳು ನಮ್ಮ ನಾಹಿದ. ಅವಳ ಅಪ್ಪನೂ ನಮ್ಮ ಖಣಿಯವನೇ. ನಮ್ಮ ಮಾತಿನ ದನಿ ಕೇಳಿಯೇ ಹೊರಗೆ ಬಂದಳು. ರಕ್ತದ ಕ್ಯಾನ್ಸರ್ ಎಂಬ ಮಾತನ್ನು ಡಾಕ್ಟರರು ಹೇಳಿದ್ದರು. ಅದರ ಅರ್ಥ ಹೇಳಿದವಳು ಇವಳು. ಆ ದಿನ ಅವಳು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಹೇಳಬಲ್ಲೆ.

‘ಕಾಕಾ, ಖಣಿಯಾಗ ಫರಸಿ ಮ್ಯಾಲ ಕೆಂಪು ಜಾಜಿನಿಂದ ಗುರುತು ಹಾಕ್ತೀರಲ್ಲ, ಯಾಕ?’

‘ಯಾವ ಗುಂಪು ಎಬ್ಬಿಸಿದ ಕಲ್ಲು ಅಂತ ತಿಳೀಬೇಕಲ್ಲವಾ. ನಮ್ಮದು ಒಂದು ಗೀಟು, ಎರಡು ಚುಕ್ಕಿ. ಬಾಬುಮಿಯಾನ ಗುಂಪಿಂದು ಕತ್ತರಿ.’

‘ಒಂದೇ ಫರಸಿ ಮ್ಯಾಲ ನಿಮ್ಮ ಗುರುತೂ ಅದ, ಬಾಬುಮಿಯಾ ಚಾಚಾಂದೂ ಅದ. ಆಗ?’

ನಾನು ಬಾಯಿ ತೆರೆಯುವ ಮೊದಲೇ ಫಕೀರಸಾಬ ಹೇಳಿದ, ‘ಚೋರಿ ಮಾಲ್, ಬೇಟಿ!’

‘ಅಷ್ಟೇ ಚಾಚಾ. ರಕ್ತದ ಕಣಕ್ಕೂ ಮೈಮ್ಯಾಲ ಗುರುತು ಇರ್ತಾವ, ಅವಕ್ಕ ನಂಬರ್ ಇಟ್ಟಾರ. ಹತ್ತೊಂಬತ್ತು ಅನ್ನೋ ಗುರುತು ಒಂದು ಗುಂಪಿಂದು. ಐದು ಅನ್ನೋದು ಹೆಚ್ಚಾಗಿ ಇನ್ನೊಂದು ಗುಂಪಿಂದು. ನಿಮ್ಮ ರಕ್ತದಾಗ ಭಾಳ ಕಣದ ಮ್ಯಾಲ ಎರಡೂ ಕೂಡಿ ಅವ, ಮ್ಯಾಲ ಇಪ್ಪತ್ತಮೂರೂ ಅದ. ಒಂದು ಗುರುತು ನೋಡಿ ನಾನು ಯಾರನ್ನೂ ಕಳ್ಳ ಅನ್ನಂಗಿಲ್ಲ. ಕೂಡಿ ಕಂಡ್ರ ಬಿಡಂಗಿಲ್ಲ.’

ಹೊಳೆಯುವ ಬಣ್ಣ ಹಚ್ಚಿ, ಒಂದೊಂದೇ ಕಣವನ್ನು ಬೆಳಕಿನ ಮುಂದೆ ಹಾಯಿಸಿ, ಲಕ್ಷಗಟ್ಟಲೆ ಎಣಿಸುವುದು ಅವಳ ಯಂತ್ರದ ಕೆಲಸವಂತೆ. ನಮಗೆ ಅರ್ಥವಾಯಿತು. ಅರ್ಥವಾದದ್ದೇ ಕಷ್ಟಕ್ಕೆ ಬಂತು. ಯಾಕೆಂದರೆ ಡಾಕ್ಟರರು, ‘ಈಗ ಔಷಧ ಬೇಡ, ಮೂರು ತಿಂಗಳಿಗೊಮ್ಮೆ ರಕ್ತ ಕೊಡಿ, ನೋಡುತ್ತಾ ಇರೋಣ’ ಎಂದರು. ಕಳ್ಳ ಸಿಕ್ಕಿದ್ದಾನೆ, ಆದರೆ ಹಿಡಿಯುವುದಿಲ್ಲ, ನೋಡುತ್ತಾ ಇರುತ್ತಾರೆ! ರೋಗವಿದೆ, ಔಷಧವಿಲ್ಲ, ರಕ್ತ ಮಾತ್ರ ಬೇಕು! ಇದು ಯಾವ ಊರಿನ ನ್ಯಾಯ? ಈ ರೋಗ ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ, ಸುಮ್ಮನಿದ್ದಾಗ ಕೆಣಕಬಾರದು ಎಂಬುದು ನನಗೆ ಈಗ ಗೊತ್ತು. ಆಗ ನನಗೆ ಗೊತ್ತಿದ್ದದ್ದು ಬದನೆಕಾಯಿ ಮುರಿಯುವುದು ಮಾತ್ರ.

ನನ್ನ ಸಂಶಯಕ್ಕೆ ಒಂದು ಕಾರಣವಿತ್ತು. ಅದನ್ನು ನೀವೆಲ್ಲ ಬಲ್ಲಿರಿ. ನನ್ನ ಅಣ್ಣ ಅಂಬಾರಾಯನ ಎದೆ ಫೋಟೋದ, ಅಂದರೆ ಎಕ್ಸ್‌ರೇಯ ಕಥೆ. ಕಲ್ಲು ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಕೆಲಸಕ್ಕಿದ್ದ; ಅದು ಮುಚ್ಚಿ ಬಹಳ ದಿನವಾಯಿತು, ಹೆಸರು ಬೇಡ. ಎಲ್ಲರ ಎದೆ ಫೋಟೋ ತೆಗೆಸಿದರು. ಅಣ್ಣ ಕೆಮ್ಮಿ ಕೆಮ್ಮಿ ಬಾಗುತ್ತಿದ್ದರೂ ಅವನ ಫೋಟೋ ಸಾಫ್ ಬಂತು. ಕಾರ್ಖಾನೆಯ ಲೆಕ್ಕ ಬರೆಯುವ ಮುನಶಿ ಫೋಟೋ ಬದಲು ಮಾಡಿದ ಎಂದು ಊರೆಲ್ಲ ಹೇಳಿತು. ಅಣ್ಣ ಧೂಳಿನಲ್ಲಿಯೇ ಮೂರು ವರ್ಷ ದುಡಿದು ತೀರಿಹೋದ. ಈ ಕಥೆಯನ್ನು ಕಟ್ಟೆಯ ಮೇಲೆ ನಾನು ನಿಮಗೆ ಎಷ್ಟು ಸಲ ಹೇಳಿದ್ದೇನೆ! ಕೆಲವರು ಕಣ್ಣೊರೆಸಿಕೊಂಡಿದ್ದೀರಿ. ಅದಕ್ಕೆ ಮತ್ತೆ ಬರುತ್ತೇನೆ. ಬರದೇ ಹೋಗಬೇಕೆಂದಿದ್ದೆ. ಬರುತ್ತೇನೆ.

ಫಕೀರಸಾಬ ಎರಡು ವರ್ಷ ರಕ್ತ ಕೊಟ್ಟ. ಆಮೇಲೆ ಅವನ ಕುತ್ತಿಗೆಯಲ್ಲಿ ಗಂಟು ಎದ್ದವು, ಮೈ ಬಿಳಿಚಿತು, ನಮಾಜಿಗೆ ಬಾಗಿದರೆ ಏಳಲು ಗೋಡೆ ಬೇಕಾಯಿತು. ಆಗ ಚುಚ್ಚುಮದ್ದು, ಮಾತ್ರೆ ಶುರು ಮಾಡಿದರು. ಗಂಟು ಕರಗಿದವು. ಮುಖದ ಮೇಲೆ ಕಳೆ ಬಂತು. ವರ್ಷ ತುಂಬುತ್ತಿದ್ದಂತೆ ಡಾಕ್ಟರರು, ‘ಈ ಸಲದ ರಕ್ತ ನೋಡಿ, ಮಾತ್ರೆ ನಿಲ್ಲಿಸಬೇಕೋ ಮುಂದುವರಿಸಬೇಕೋ ಹೇಳುತ್ತೇವೆ’ ಎಂದರು. ಮೈಯಲ್ಲಿ ರೋಗ ಕಾಣದಿದ್ದರೂ, ಹತ್ತು ಸಾವಿರ ಕಣದಲ್ಲಿ ಒಂದು ಕಳ್ಳ ಉಳಿದಿದ್ದರೂ ಆ ಗುರುತುಗಳು ಹೇಳಿಬಿಡುತ್ತವಂತೆ.

ನಾವಿಬ್ಬರೂ ಬೇವಿನ ಮರದ ಕೆಳಗೆ ಕುಳಿತಿದ್ದೆವು. ಅವನು ತನ್ನ ತೋಳು ಸವರಿಕೊಳ್ಳುತ್ತಾ ಹೇಳಿದ, ‘ಭೀಮಶಾ, ನಾ ಆರಾಮ ಆಗೀನಿ. ಆದ್ರೂ ಪ್ರತಿ ಸಲ ಏನರೆ ಉಳಿದದ ಅಂತಾರ. ಖರೇ ಇರ್ತದೇನು?’

‘ನೋಡೇ ಬಿಡೋಣಲ್ಲ. ಈ ಸಲ ನಿನ್ನ ಹೆಸರ್ಲೆ ನಾ ರಕ್ತ ಕೊಡ್ತೀನಿ. ನನ್ನ ರಕ್ತದಾಗೂ ರೋಗ ಅದ ಅಂದ್ರ, ಕಳ್ಳರು ಸಿಕ್ಕರು ತಿಳಿ.’

‘ರೋಗ ಇಲ್ಲ ಅಂದ್ರ?’

‘ಸಾಚಾ ಮಂದಿ ತಿಳಿ. ನಂಬೋಣು.’

‘ನಿನ್ನ ತಲಿ ಎಂಥ ತಲಿ ಮಾರಾಯಾ!’ ಎಂದ. ಹೊಗಳಿದನೆಂದು ನಾನು ತಿಳಿದೆ.

ಸಭಿಕರೇ, ಪರೀಕ್ಷೆ ಮಾಡುವವರನ್ನು ಪರೀಕ್ಷೆ ಮಾಡಲು ಹೊರಟ ಈ ಇಬ್ಬರು ಜಾಣರು ಒಂದನ್ನು ಮಾತ್ರ ಯೋಚಿಸಲಿಲ್ಲ. ನನ್ನ ರಕ್ತ ಸಾಫ್ ಎಂದು ಬರೆದ ಕಾಗದ ಫಕೀರಸಾಬನ ಹೆಸರಿನಲ್ಲಿ ಡಾಕ್ಟರ ಕೈಗೆ ಹೋದರೆ, ಯಾರ ಮಾತ್ರೆ ನಿಲ್ಲುತ್ತದೆ?

ಅವನು ಚಿಂಚೋಳಿ ಕಡೆಯ ಕೊಡ್ಲಿಗೆ, ತಂಗಿಯ ಮನೆಗೆ ಹೋದ. ನಾನು ಶಹಾಬಾದಿಗೆ ಹೋದೆ; ಕಲಬುರಗಿಗೆ ಕಳಿಸುವ ರಕ್ತವನ್ನು ಅಲ್ಲಿಯೇ ತೆಗೆಯುತ್ತಿದ್ದರು. ರಕ್ತ ತೆಗೆಯುವ ಕಡೆ ತೌಸೀಫ್ ಎಂಬವನು ಆ ವಾರವೇ ಕೆಲಸಕ್ಕೆ ಸೇರಿದ್ದ, ಫಕೀರಸಾಬನ ಮುಖ ನೋಡಿದವನಲ್ಲ. ನಾನು ಹಣೆಯ ವಿಭೂತಿ ಒರೆಸಿಕೊಂಡು, ಟೋಪಿ ಹಾಕಿಕೊಂಡು ಹೋಗಿದ್ದೆ. ‘ಹೆಸರು?’ ಎಂದ. ‘ಫಕೀರಸಾಬ’ ಎಂದೆ. ನೇರಳೆ ಮುಚ್ಚಳದ ಶೀಶೆಯಲ್ಲಿ ರಕ್ತ ತೆಗೆದ. ನೋವಾದಾಗ ನನ್ನ ಬಾಯಿಂದ ‘ಶಿವಾ’ ಎಂದು ಬಂತು. ತೌಸೀಫ್ ತಲೆ ಎತ್ತಿ ನನ್ನನ್ನು ನೋಡಿದ. ‘ಲಿಂಗಾಯತರ ಜೋಡಿ ದೋಸ್ತಿ ಹಳೇದು’ ಎಂದೆ. ಪಾಪ, ನಂಬಿದ.

ನಾಲ್ಕನೆಯ ದಿನ ನಾಹಿದ ಸೈದಾನಬಿಗೆ ಫೋನು ಮಾಡಿದಳು. ಗಿರಣಿಯಲ್ಲಿ ಈ ಭಾಗವನ್ನು ಸೈದಾನಬಿ ಎರಡು ಸಲ ಹೇಳಿದರಂತೆ.

‘ಚಾಚಿ, ಮಂಗಳವಾರ ಚಾಚಾ ರಕ್ತ ಕೊಡ್ಲಿಕ್ಕೆ ಎಷ್ಟು ಗಂಟೆಗೆ ಹೋಗಿದ್ರು?’

‘ಮಂಗಳವಾರ ಅವರು ಎಲ್ಲಿದ್ರವ್ವಾ ಇಲ್ಲಿ? ಕೊಡ್ಲಿಗೆ ಹೋಗಿದ್ರು.’

‘ಹಂಗಾದ್ರ ಈ ರಕ್ತ ಯಾರ್ದು ಚಾಚಿ?’ ಎಂದಳಂತೆ.

ಸೈದಾನಬಿ ಯೋಚಿಸಲು ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಫೋನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ನಾನು ಅಂಗಳದಲ್ಲಿ, ಆಷಾಢದ ಸೆಖೆಯಲ್ಲಿ, ತುಂಬು ತೋಳಿನ ಅಂಗಿ ಹಾಕಿಕೊಂಡು ಕುಳಿತಿದ್ದೆ.

‘ಭೀಮಶಾ ಭೈಯಾ, ತೋಳು ಮ್ಯಾಲೆ ಮಾಡು.’

‘ಯಾಕ ಭಾಬಿ?’

‘ಮಾಡಂದ್ರ ಮಾಡು.’

ಮೊಣಕೈಯ ಒಳಬದಿಯಲ್ಲಿ ನೇರಳೆ ಹಣ್ಣಿನಷ್ಟು ನೀಲಿ ಕಲೆ. ಸೈದಾನಬಿ ಅದನ್ನು ನೋಡಿದರು, ಶಿವಗಂಗಾ ನೋಡಿದಳು. ಇಬ್ಬರೂ ಕೂಡಿ ನನ್ನನ್ನು ಏನೇನು ಅಂದರು ಎಂಬುದು ಮುಖ್ಯ ಗುರುಗಳ ಅಧ್ಯಕ್ಷತೆಯಲ್ಲಿ ಹೇಳುವಂಥದ್ದಲ್ಲ.

ನಾಹಿದಳಿಗೆ ಹೇಗೆ ಗೊತ್ತಾಯಿತು? ಕಾಗದದ ಮೇಲೆ ಹೆಸರು ಸರಿಯಿತ್ತು, ವಯಸ್ಸು ಸರಿಯಿತ್ತು, ಶೀಶೆ ಸರಿಯಿತ್ತು. ಒಳ್ಳೆಯ ಸುದ್ದಿ ಬಂದಿತ್ತು. ಒಳ್ಳೆಯ ಸುದ್ದಿಯನ್ನು ಸಂಶಯಪಡುವವರು ಎಷ್ಟು ಜನ ಇದ್ದೀರಿ, ಕೈ ಎತ್ತಿ? ಕೆಟ್ಟ ಸುದ್ದಿ ಬಂದರೆ ನಾವು ನಾಲ್ಕು ಕಡೆ ತೋರಿಸುತ್ತೇವೆ. ಒಳ್ಳೆಯದು ಬಂದರೆ ಪೇಢೆ ಹಂಚುತ್ತೇವೆ. ಈ ಹುಡುಗಿ ಪೇಢೆ ಹಂಚಲಿಲ್ಲ, ಕಾಗದ ತಡೆಹಿಡಿದಳು.

ಮರುದಿನ ಫಕೀರಸಾಬನನ್ನು ಕರೆದುಕೊಂಡು ಕಲಬುರಗಿಗೆ ಹೋದಾಗ ಅವಳೇ ಹೇಳಿದಳು. ‘ಕಾಕಾ, ಮೂರು ತಿಂಗಳ ಹಿಂದ ಚಾಚಾನ ರಕ್ತದಾಗ ನೂರು ಕಣಕ್ಕ ಒಂದು ಕಳ್ಳ ಇತ್ತು. ಔಷಧಕ್ಕ ಹತ್ತೊಂಬತ್ತರ ಗುಂಪಿನ ಒಳ್ಳೇ ಕಣನೂ ಹೋಗಿಬಿಟ್ಟಿದ್ವು, ಹುಡುಕಿದ್ರೂ ಸಿಗ್ತಿದ್ದಿಲ್ಲ. ಈ ಶೀಶ್ಯಾಗ ಕಳ್ಳ ಒಬ್ಬನೂ ಇಲ್ಲ, ಅದೇನೋ ಆಗ್ಲಿ ಅಂತೀನಿ. ಆದ್ರ ಒಳ್ಳೇವು ಸಂತಿಗೆ ಬಂದಂಗ ಬಂದು ನಿಂತಾವ! ಅವು ಬರ್ಲಿಕ್ಕೆ ತಿಂಗಳಾನುಗಟ್ಲೆ ಬೇಕು. ಆ ಗುರುತು ಚಾಚಾಂದಲ್ಲ.’

ನಾನು ನೆಲ ನೋಡುತ್ತಿದ್ದೆ. ಅವಳು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ನಾಲ್ಕು ಮಾತಾಡಿ ಎದ್ದು ಬರುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು, ‘ಈ ಸಾಫ್ ಕಾಗದ ಡಾಕ್ಟರಿಗೆ ಹೋಗಿದ್ರ ಮಾತ್ರಿ ನಿಲ್ತಿದ್ವು ಕಾಕಾ. ಸಾಫ್ ಕಾಗದದಿಂದ ಮನುಷ್ಯಾ ಸತ್ತಿದ್ದು ನೀವು ಎಲ್ಯಾರೆ ಕೇಳೀರೇನು?’

‘ಕೇಳೀನವಾ’ ಎಂದೆ.

‘ಯಾರು?’

‘ಮೊದಲು ಇವನ ರಕ್ತ ತಗೀವಾ’ ಎಂದು ಮಾತು ತಿರುಗಿಸಿದೆ. ಫಕೀರಸಾಬ ನನ್ನ ಮುಖ ನೋಡಿದ. ಅವನ ಖರೇ ರಕ್ತ ತೆಗೆದರು. ಕಳ್ಳರು ಉಳಿದಿದ್ದರು, ಮೊದಲಿಗಿಂತ ಕಡಿಮೆ, ಆದರೆ ಉಳಿದಿದ್ದರು. ಮಾತ್ರೆ ಮುಂದುವರಿಯಿತು. ಹೋದ ತಿಂಗಳ ರಕ್ತದಲ್ಲಿ ಹತ್ತು ಸಾವಿರದಲ್ಲಿ ಒಂದೂ ಸಿಗಲಿಲ್ಲ. ಆದರೂ ನಾಹಿದ ‘ಹೋಯ್ತು’ ಎನ್ನುವುದಿಲ್ಲ, ‘ಸಿಗಲಿಲ್ಲ’ ಎನ್ನುತ್ತಾಳೆ. ನೋಡಿ, ಎಂಥ ಸಂಶಯದ ಹೆಣ್ಣು! ಈ ಶಾಲು ಅವಳ ಆ ಸಂಶಯಕ್ಕೆ ಹೊದಿಸಿದ್ದು.

ಇಲ್ಲಿಗೆ ನನ್ನ ಭಾಷಣ ಮುಗಿಯಬೇಕಿತ್ತು. ಬರೆದುಕೊಂಡು ಬಂದ ಕಾಗದ ಇಲ್ಲಿಗೇ ಮುಗಿದಿದೆ.

ನಾಹಿದ, ಅವತ್ತು ಯಾರು ಎಂದು ಕೇಳಿದ್ದೆಯಲ್ಲ, ಇವತ್ತು ಹೇಳುತ್ತೇನೆ. ನನ್ನ ಅಣ್ಣ ಅಂಬಾರಾಯ. ಅವನ ಫೋಟೋವನ್ನು ಮುನಶಿ ಬದಲು ಮಾಡಲಿಲ್ಲ. ಕಾರ್ಖಾನೆಯಲ್ಲಿ ಎದೆಗೆ ಧೂಳು ಹತ್ತಿದವರನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಸುದ್ದಿ ಹಬ್ಬಿತ್ತು. ವಾಡಿಯ ದವಾಖಾನೆಯಲ್ಲಿ ಫೋಟೋ ತೆಗೆಯುವ ದಿನ ಅಣ್ಣ ನನ್ನನ್ನು ಗೋಡೆಯ ಮರೆಗೆ ಕರೆದು, ‘ತಮ್ಮಾ, ನನ್ನ ಹೆಸರ್ಲೆ ನೀ ನಿಂದ್ರು. ನಿನ್ನ ಎದಿ ಚಲೋ ಅದ. ಯಾರಿಗೂ ತಿಳಿಯಂಗಿಲ್ಲ’ ಎಂದ. ನಾನು ನಿಂತೆ. ‘ಉಸಿರು ಹಿಡೀರಿ’ ಎಂದರು, ಹಿಡಿದೆ. ಫೋಟೋ ಸಾಫ್ ಬಂತು. ನಾವಿಬ್ಬರೂ ಅವತ್ತು ಸ್ಟೇಷನ್ನಿನ ಎದುರು ಭಜಿ ತಿಂದು, ನಗುತ್ತಾ ಊರಿಗೆ ಬಂದೆವು. ಮೂರು ವರ್ಷ ಅವನು ಮತ್ತೆ ಅದೇ ಧೂಳು ಕುಡಿದ.

ಸತ್ತಾಗ ಯಾರೋ ಒಬ್ಬರು, ‘ಮುನಶಿ ಫೋಟೋ ಬದಲಾಯಿಸಿರಬೇಕು’ ಎಂದರು. ನಾನು ಅಲ್ಲ ಎನ್ನಲಿಲ್ಲ. ಅಲ್ಲ ಎನ್ನದೆ ಇದ್ದದ್ದು ವರ್ಷ ಕಳೆದಂತೆ ಕಥೆಯಾಯಿತು. ಆ ಕಥೆಗೆ ಕೈಕಾಲು ಹಚ್ಚಿದವನು ನಾನು, ಮುನಶಿಯ ಬಾಯಿಗೆ ಮಾತು ಕೊಟ್ಟವನು ನಾನು. ಆ ಮನುಷ್ಯ ಸಾಯುವ ತನಕ ಅವನ ಮನೆಯಲ್ಲಿ ನಮ್ಮೂರಿನ ಯಾರೂ ನೀರು ಕುಡಿಯಲಿಲ್ಲ. ಬಾಗಿಲಲ್ಲಿ ನಿಂತು ಕರೆದರೂ ಕುಡಿಯಲಿಲ್ಲ. ನಾನೂ ಕುಡಿಯಲಿಲ್ಲ, ಸಭಿಕರೇ. ಎಲ್ಲರ ಎದುರಿಗೆ ತಂಬಿಗೆ ಹಿಂದಕ್ಕೆ ಸರಿಸಿದವನು ನಾನು.

ಎದೆ ಫೋಟೋದಲ್ಲಿ ಮೋಸ ಮಾಡಿದವನಿಗೆ ಎಲ್ಲರ ಕಾಗದದಲ್ಲಿಯೂ ಮೋಸ ಕಾಣುತ್ತದೆ. ನನ್ನ ಸಂಶಯ ಹುಟ್ಟುಗುಣ ಎಂದೆನಲ್ಲ, ಅದು ಸುಳ್ಳು. ಅದಕ್ಕೆ ಇಪ್ಪತ್ತೆರಡು ವರ್ಷ ವಯಸ್ಸು.

ಅಣ್ಣನ ಹೆಂಡತಿ, ನಮ್ಮ ವಿಮಲಾಬಾಯಿ ವೈನಿ, ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ವೈನಿ, ಏಳಬೇಡಿ. ಇನ್ನು ಸ್ವಲ್ಪವೇ ಇದೆ. ಅದೂ ನಿಮ್ಮದೇ ಮಾತು.

ವಂದನೆಗಳನ್ನು ಈಗಲೇ ಹೇಳಿಬಿಡುತ್ತೇನೆ. ಕೇಳಿದ ನಿಮಗೆ, ಕರೆದ ಸಂಘಕ್ಕೆ, ನಂಬಿದ ತೌಸೀಫನಿಗೆ, ನಂಬದ ನಾಹಿದಳಿಗೆ, ಗಿರಣಿಯಲ್ಲಿ ಈ ಕಥೆ ಹೇಳಿದ ಸೈದಾನಬಿಗೆ ನಾನು ಋಣಿ.

ಆ ಹನ್ನೊಂದು ಮಂದಿ ಹೆಂಗಸರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂಬುದು ಉಳಿಯಿತು. ಶಹಾಬಾದಿಗೆ ಎದೆ ತಪಾಸಣೆಯ ಎಕ್ಸ್‌ರೇ ಗಾಡಿ ಬರುವುದಿತ್ತು. ಅವರು ತಮ್ಮ ತಮ್ಮ ಗಂಡಂದಿರನ್ನು ಎಬ್ಬಿಸಿ, ಚಹಾ ಕೊಡದೆ, ಸಾಲಾಗಿ ನಡೆಸಿಕೊಂಡು ಹೋದರು. ಖಣಿಗೆ ದುಡಿದ ಒಬ್ಬನನ್ನೂ ಬಿಡಲಿಲ್ಲ. ಶಿವಗಂಗಾ ನನ್ನ ರಟ್ಟೆ ಹಿಡಿದಿದ್ದಳು. ಆ ಹನ್ನೊಂದರಲ್ಲಿ ಗಂಡನಿಲ್ಲದವರು ವಿಮಲಾ ವೈನಿ ಒಬ್ಬರೇ. ಅವರು ಗಾಡಿಯ ಬಾಗಿಲಲ್ಲಿ ನಿಂತು, ಒಬ್ಬೊಬ್ಬನ ಮುಖ ನೋಡಿ, ಹೆಸರು ಕೇಳಿ, ಕಾರ್ಡು ನೋಡಿ ಒಳಗೆ ಬಿಡುತ್ತಿದ್ದರು. ಬಾಬುಮಿಯಾ, ‘ನಾ ಯಾರಂತ ನಿಮಗ ಗೊತ್ತಿಲ್ಲೇನು ಬಾಯಿ?’ ಎಂದು ನಕ್ಕ. ‘ಮುಖ ನಂಬೋ ಕಾಲ ಹೋತು’ ಎಂದರು ವೈನಿ.

ನನ್ನ ಸರದಿ ಬಂತು. ವೈನಿ ಕಾರ್ಡು ಕೇಳಲಿಲ್ಲ. ಸೆರಗಿನೊಳಗಿಂದ ಒಂದು ಹಳೆಯ ಲಕೋಟೆ ತೆಗೆದರು. ಅದರೊಳಗೆ ವಾಡಿಯಲ್ಲಿ ತೆಗೆದ ಆ ಎದೆ ಫೋಟೋ ಇತ್ತು. ಇಷ್ಟು ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಅದನ್ನು ಬಿಸಿಲಿಗೆ ಹಿಡಿದರು. ಮೂಲೆಯಲ್ಲಿ ಅಣ್ಣನ ಹೆಸರು. ಬಲ ಹೆಗಲಿನ ಕೆಳಗೆ, ಜೋಳದ ಕಾಳಿನಷ್ಟು, ಬೆಳ್ಳಗೆ ಹೊಳೆಯುವ ಒಂದು ಚುಕ್ಕೆ.

ಒಂದು ಫರಸಿ, ಎರಡು ಗುರುತು.

‘ಅವರು ತೀರಿಕೊಂಡ ವರ್ಷನೇ ಈ ಚುಕ್ಕಿ ನೋಡಿದ್ದೆ’ ಎಂದರು ವೈನಿ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ‘ನೀನೇ ಹೇಳ್ತಿ ಅಂತ ದಾರಿ ನೋಡಿದೆ. ನೀ ಪ್ರತಿ ಸಲ ಮುನಶಿ ಕಥಿ ಹೇಳ್ದಿ.’

ನಾನು ಕೈ ಮುಗಿಯಲು ಹೋದೆ. ಅವರು ಫೋಟೋ ಲಕೋಟೆಗೆ ಹಾಕಿ, ಗಾಡಿಯ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

‘ನಡಿ ಒಳಗ, ಭೀಮಶಾ. ಈ ಸಲ ನಿನ್ನ ಹೆಸರ್ಲೆ ನಿಂದ್ರು.’

ಹೋಗಿ ನಿಂತೆ. ‘ಉಸಿರು ಹಿಡೀರಿ’ ಎಂದರು. ಹಿಡಿದೆ. ‘ಬಿಡ್ರಿ’ ಎಂದು ಅವರು ಹೇಳಿದ್ದು ಕೇಳಿಸಿತು, ಆದರೆ ಅವತ್ತು ಪೂರ್ತಿ ಬಿಡಲಾಗಲಿಲ್ಲ. ಈಗ ಬಿಟ್ಟಿದ್ದೇನೆ, ವೈನಿ, ಊರಿನವರೇ.

ನಮಸ್ಕಾರ.